ಲ್ಯಾಬಿನಲ್ಲಿ ಪಾಸಾಗಿ ಕಡಲಿನಲ್ಲಿ ಸೋತ ಪೆಟ್ಟಿಗೆ: ಗಸ್ತು ತೋಪುದೋಣಿಗಳಿಗೆ ಕೆಲಸ ಮಾಡಿದ ಮೈಸೂರಿನ ಘಟಕವೊಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ಘಟಕ ಮೈಸೂರಿನ ಹೊರವಲಯದ ಕೈಗಾರಿಕಾ ಪ್ರದೇಶವೊಂದರಲ್ಲಿದೆ. ಮಾಲೀಕರ ಹೆಸರು, ಕೆಲಸ ಕೊಟ್ಟ ಬೆಂಗಳೂರಿನ ಕಂಪನಿಯ ಹೆಸರು, ದೋಣಿಗಳ ವರ್ಗ, ಪೆಟ್ಟಿಗೆಯ ನಿಖರ ಉಪಯೋಗ ಇವನ್ನು ಇಲ್ಲಿ ಹೇಳಿಲ್ಲ. ಗುರುತು ಹತ್ತದಿರಲೆಂದು ಕೆಲವು ಅಳತೆಗಳನ್ನೂ ಬದಲಿಸಲಾಗಿದೆ. ಲೋಹಗಳ ನಡವಳಿಕೆ, ಪರೀಕ್ಷೆಯ ಕ್ರಮ, ನಿರ್ಧಾರಗಳು ಒಂದರ ಹಿಂದೊಂದು ಬಂದ ಬಗೆ ಮಾತ್ರ ನಡೆದಂತೆಯೇ ಇವೆ. ದೂರು ಬಂದ ಮೇಲೆ ಸಲಹೆಗಾರನಾಗಿ ಸೇರಿಕೊಂಡವನು ನಾನು. ಅದಕ್ಕೆ ಮೊದಲಿನ ಸಂಗತಿಗಳನ್ನು ಘಟಕದ ಕಡತಗಳಿಂದಲೂ ಮಾಲೀಕರ ಮತ್ತು ಫೋರ್‌ಮನ್ನರ ಮಾತಿನಿಂದಲೂ ತೆಗೆದುಕೊಂಡಿದ್ದೇನೆ.

ಹಿನ್ನೆಲೆ

ದಡದಿಂದ ಬಹಳ ದೂರ ಹೋಗದೆ ಕರಾವಳಿ ಮತ್ತು ದ್ವೀಪಗಳ ಸುತ್ತ ಕಾವಲು ತಿರುಗುವ, ವೇಗವನ್ನೇ ನೆಚ್ಚಿಕೊಂಡ ಸಣ್ಣ ಯುದ್ಧನೌಕೆಯನ್ನು ಗಸ್ತು ತೋಪುದೋಣಿ ಎನ್ನಬಹುದು. ಈ ಬಗೆಯ ಕಲ್ಪನೆ ಬರಬೇಕಾದರೆ ನಮ್ಮ ನೌಕಾಪಡೆಯ ಕಾರ್ ನಿಕೋಬಾರ್ ವರ್ಗವನ್ನು ನೋಡಬೇಕು. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ತಯಾರಾದ ಈ ವರ್ಗದ ಮೊದಲ ಎರಡು ದೋಣಿಗಳಾದ ಕಾರ್ ನಿಕೋಬಾರ್ ಮತ್ತು ಚೆಟ್ಲಾಟ್ 2009ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ಸೇವೆಗೆ ಸೇರಿದವು. 2011ರ ಹೊತ್ತಿಗೆ ಅವು ಹತ್ತಾದವು. ಅದೇ ವಿನ್ಯಾಸವನ್ನು ಸುಧಾರಿಸಿ ಕಟ್ಟಿದ ಇನ್ನೂ ನಾಲ್ಕು 2016 ಮತ್ತು 2017ರಲ್ಲಿ ಬಂದವು. ಉದ್ದ 49 ಮೀಟರಿನ ಆಸುಪಾಸು, ಹಿಂಭಾಗದಲ್ಲಿ ಪ್ರೊಪೆಲ್ಲರಿನ ಬದಲು ಮೂರು ವಾಟರ್ ಜೆಟ್, ಮುಂಭಾಗದಲ್ಲಿ 30 ಮಿ.ಮೀ.ನ ಸಿಆರ್‌ಎನ್ 91 ತೋಪು. ಭೂಸೇನೆಯ ಬಿಎಂಪಿ 2 ವಾಹನದ ಮೇಲೆ ಕೂರುವ ತೋಪಿನ ನೌಕಾ ರೂಪವಿದು. ಮೇದಕ್‌ನ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಇಂಥ ತೋಪನ್ನು ದೂರದಿಂದಲೇ, ಕ್ಯಾಮೆರಾ ಹೊತ್ತ ಪೀಠವೊಂದರ ನೆರವಿನಿಂದ ಗುರಿಯಿಟ್ಟು ಹಾರಿಸುವ ವ್ಯವಸ್ಥೆ ಈಗ ಸಾಮಾನ್ಯ. ಆದ್ದರಿಂದ ತೋಪಿನಿಂದ ಒಳಗಿನ ಕೋಣೆಯವರೆಗೆ ಕೇಬಲ್‌ಗಳು ಓಡುತ್ತವೆ. ಆ ಕೇಬಲ್‌ಗಳು ಕೂಡುವ ಕಡೆಗಳಲ್ಲಿ ಬಯಲಿಗೇ ತೆರೆದುಕೊಂಡ ಪೆಟ್ಟಿಗೆಗಳು ಇರುತ್ತವೆ. ನಮ್ಮ ಪ್ರಕರಣದ್ದು ಅಂಥದೊಂದು ಜಂಕ್ಷನ್ ಬಾಕ್ಸ್.

ಈ ದೋಣಿಗಳ ವೇಗ 30 ನಾಟ್‌ಗೂ ಹೆಚ್ಚು, ಅಂದರೆ ಗಂಟೆಗೆ 55 ಕಿಲೋಮೀಟರಿಗೂ ಮಿಗಿಲು. ಬೆಂಗಳೂರು ಹೆದ್ದಾರಿಯಲ್ಲಿ ಆ ವೇಗದಲ್ಲಿ ಹೋದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ನಿಜ. ಆದರೆ ನೀರಿನ ಮೇಲೆ ಅಷ್ಟು ವೇಗ ಹಿಡಿದಾಗ ಮೂತಿ ಸೀಳಿದ ಅಲೆ ಎದ್ದು ಬಂದು ಮುಂಭಾಗದ ಅಟ್ಟವನ್ನೆಲ್ಲ ತೋಯಿಸುತ್ತದೆ. ಅನಂತರ ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ, ರಾತ್ರಿಯ ತೇವಕ್ಕೆ ಅದೇ ಉಪ್ಪು ಕರಗಿ ಸಂದುಗಳಿಗೆ ಇಳಿಯುತ್ತದೆ, ಮರುದಿನ ಮತ್ತೆ ಆರುತ್ತದೆ. ಈ ತೋಯುವ ಮತ್ತು ಆರುವ ಸರದಿಯೇ ಮುಂದಿನ ಕಥೆಗೆಲ್ಲ ಕಾರಣ.

ಇನ್ನೊಂದು ಸಂಗತಿ ಲೋಹದ್ದು. ವೇಗದ ದೋಣಿಗಳಲ್ಲಿ ತಳದ ಒಡಲು ಉಕ್ಕಿನದಾದರೂ ಮೇಲಿನ ಕಟ್ಟಡವನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಕಟ್ಟುವುದು ರೂಢಿ. ಉಕ್ಕಿನ ಸಾಂದ್ರತೆಯ ಮೂರನೇ ಒಂದು ಭಾಗದಷ್ಟೇ ಅಲ್ಯೂಮಿನಿಯಂನದು. ಎತ್ತರದಲ್ಲಿ ತೂಕ ಇಳಿದಷ್ಟೂ ದೋಣಿಯ ಸಮತೋಲ ಹೆಚ್ಚುತ್ತದೆ. ಇವೆರಡು ಲೋಹಗಳನ್ನು ನೇರವಾಗಿ ಬೆಸೆಯಲು ಬರುವುದಿಲ್ಲವಾದ್ದರಿಂದ, ಸ್ಫೋಟದ ಒತ್ತಡದಿಂದ ಒಂದಕ್ಕೊಂದು ಅಂಟಿಸಿದ ಜೋಡಿಲೋಹದ ಪಟ್ಟಿಯನ್ನು ನಡುವೆ ಇಟ್ಟು, ಆಯಾ ಬದಿಗೆ ಆಯಾ ಲೋಹವನ್ನು ವೆಲ್ಡ್ ಮಾಡುತ್ತಾರೆ. ಹಡಗುಕಟ್ಟೆಯವರು ಅಷ್ಟು ಎಚ್ಚರ ವಹಿಸಿ ಕಟ್ಟಿದ ಗೋಡೆಗೆ ಬಿಡಿಭಾಗ ಮಾಡುವವರು ನಾಲ್ಕು ಬೋಲ್ಟ್ ಬಿಗಿದು ಏನನ್ನೋ ತೂಗುಹಾಕುತ್ತಾರೆ. ಪ್ರಕರಣ ಹುಟ್ಟಿದ್ದು ಆ ನಾಲ್ಕು ಬೋಲ್ಟುಗಳ ಬಳಿ.

ಘಟಕದ ವಿಷಯ ಹೆಚ್ಚು ಹೇಳುವಂಥದೇನಿಲ್ಲ. ತಗಡು ಕತ್ತರಿಸಿ, ಮಡಚಿ, ವೆಲ್ಡ್ ಮಾಡಿ ಪ್ಯಾನೆಲ್ ಬೋರ್ಡುಗಳನ್ನೂ ಬಸ್ಸಿನ ಬಾಡಿಯ ಭಾಗಗಳನ್ನೂ ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿಗಳನ್ನೂ ಮಾಡಿಕೊಡುತ್ತಿದ್ದ ಜಾಗ. ಕೈಕೆಲಸ ಅಚ್ಚುಕಟ್ಟು. ಕೊರತೆಯಿದ್ದುದು ಕಡಲಿನ ಪರಿಚಯ. ಮೈಸೂರಿಗೆ ಹತ್ತಿರದ ಕಡಲೆಂದರೆ ಘಟ್ಟ ಇಳಿದು ಹೋಗಬೇಕಾದ ಕಣ್ಣೂರು, ತಲಶ್ಶೇರಿಯ ಕಡೆಯದು. ಮೊದಲ ಮಾದರಿ ಪೆಟ್ಟಿಗೆಯನ್ನು ಇವರು ಗೇಟಿನ ಪಕ್ಕ ಬಯಲಿಗೆ ಇಟ್ಟಿದ್ದರು. ಎರಡು ಮಳೆಗಾಲ ಕಳೆದರೂ ಅದರ ಮೇಲೆ ಒಂದು ಚುಕ್ಕೆ ಬಿದ್ದಿರಲಿಲ್ಲ. ಆ ಪೆಟ್ಟಿಗೆ ಕೊಟ್ಟ ಧೈರ್ಯ ಬಹಳ ದಿನ ಎಲ್ಲರ ಕಣ್ಣು ಕಟ್ಟಿತ್ತು ಎಂದು ನನ್ನ ಅನಿಸಿಕೆ.

ಸಮಸ್ಯೆ

ಪೆಟ್ಟಿಗೆಯ ಮೈ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು, ಹೊರಗೆ ಬೂದುಬಣ್ಣದ ಪೌಡರ್ ಕೋಟಿಂಗ್. ಕೀಲು, ಚಿಲಕ, ಗೋಡೆಗೆ ಹಿಡಿಸುವ ಬ್ರಾಕೆಟ್ ಮತ್ತು ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್. ಒಪ್ಪಿಗೆಯ ಪರೀಕ್ಷೆಯಲ್ಲಿ ಇದು ಉಪ್ಪುಮಂಜಿನ ಕೋಣೆಯಲ್ಲಿ ನಿಗದಿತ ಅವಧಿ ಕಳೆದು ಸಲೀಸಾಗಿ ಪಾಸಾಗಿತ್ತು. ಸಾಮಾನ್ಯವಾಗಿ ಬಳಸುವ ಎಎಸ್‌ಟಿಎಂ ಬಿ 117 ಕ್ರಮದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶೇಕಡಾ 5ರ ಉಪ್ಪುನೀರನ್ನು ಬಿಡುವಿಲ್ಲದೆ ಮಂಜಿನಂತೆ ಹಾಯಿಸುತ್ತಾರೆ. ಮೊದಲ ಕಂತು ರವಾನೆಯಾಯಿತು, ದೋಣಿಗಳ ಮೇಲೆ ಕೂತಿತು, ಹಣವೂ ಬಂತು.

ಎರಡನೆಯ ಕಂತು ಅರ್ಧ ಮುಗಿದಿದ್ದಾಗ ಬೆಂಗಳೂರಿನ ಕಂಪನಿಯಿಂದ ಫೋಟೋಗಳು ಬಂದವು. ಕೆಲವು ದಿನಗಳಲ್ಲಿ ದೋಣಿಯಿಂದ ಬಿಚ್ಚಿ ತಂದ ಒಂದು ಪೆಟ್ಟಿಗೆಯೂ ಬಂತು. ಮುಚ್ಚಳ, ಗ್ಯಾಸ್ಕೆಟ್, ಒಳಗಿನ ಟರ್ಮಿನಲ್‌ಗಳು ಚೆನ್ನಾಗಿದ್ದವು. ಕೀಲುಗಳ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆಗಳಿದ್ದವು. ಹಿಂಬದಿಯಲ್ಲಿ, ನಾಲ್ಕೂ ಬೋಲ್ಟು ತೂತುಗಳ ಸುತ್ತ, ಬಣ್ಣ ಗುಳ್ಳೆಯೆದ್ದಿತ್ತು. ಫೋರ್‌ಮನ್ನರು ಸ್ಕ್ರೈಬರ್ ಮೊನೆಯಿಂದ ಒಂದು ಗುಳ್ಳೆಯನ್ನು ಮೀಟಿದಾಗ ಒಳಗಿನಿಂದ ಬಿಳಿಯ ಹಿಟ್ಟು ಉದುರಿತು, ಮೊನೆ ತಗಡಿನೊಳಕ್ಕೆ ಅರ್ಧದಷ್ಟು ಇಳಿಯಿತು. ಪಾಂಡವಪುರದ ಕಡೆಯವರಾದ ಅವರು ಆಗ ಹೇಳಿದ ಮಾತನ್ನು ಹಾಗೆಯೇ ಕೊಡುತ್ತೇನೆ: “ಉಪ್ಪಿನಕಾಯಿ ಜಾಡಿಗೆ ತಗಡಿನ ಮುಚ್ಚಳ ಹಾಕಿದ್ರೆ ಏನಾಯ್ತದೆ ಅಂತ ನಮ್ಮವ್ವನ್ನ ಕೇಳಿದ್ರೂ ಹೇಳೋರು ಸಾ, ಇದಕ್ಕೆ ಲ್ಯಾಬು ಬೇಕಿತ್ತಾ?”

ಲ್ಯಾಬಿನ ಮೇಲೆ ಅವರಿಗೆ ಬಂದ ಕೋಪಕ್ಕೆ ಆಧಾರವಿತ್ತು. ವರದಿಯ ಜೊತೆ ಲಗತ್ತಿಸಿದ್ದ ಚಿತ್ರವನ್ನು ನೋಡಿದರೆ, ಪರೀಕ್ಷೆಗೆ ಹೋದ ಪೆಟ್ಟಿಗೆಯನ್ನು ಕೋಣೆಯೊಳಗೆ ಪ್ಲಾಸ್ಟಿಕ್ ಆನಿಕೆಗಳ ಮೇಲೆ ಸುಮ್ಮನೆ ಇಟ್ಟಿದ್ದರು. ಬ್ರಾಕೆಟ್ ಇರಲಿಲ್ಲ, ಬೋಲ್ಟ್ ಬಿಗಿದಿರಲಿಲ್ಲ, ಹಿಂದೆ ಗೋಡೆಯಿರಲಿಲ್ಲ. ಲ್ಯಾಬಿನವರು ಕಳುಹಿಸಿದ ವಸ್ತುವನ್ನು ಹೇಳಿದ ಕ್ರಮದಲ್ಲಿ ಪರೀಕ್ಷಿಸಿದ್ದರು. ಬರೀ ಪೆಟ್ಟಿಗೆಯನ್ನು ಕಳುಹಿಸಿದವರು ಇಲ್ಲಿನವರೇ, ಅದನ್ನು ಒಪ್ಪಿದವರು ಕೆಲಸ ಕೊಟ್ಟ ಕಂಪನಿಯವರು.

ಮಾಡಿ ನೋಡಿದ್ದು

ಮಾಲೀಕರಿಗೆ ತೋಚಿದ ಮೊದಲ ಪರಿಹಾರ ಬಣ್ಣವನ್ನು ದಪ್ಪ ಮಾಡುವುದು. ನಾನು ಸೇರುವಷ್ಟರಲ್ಲಿ ಆ ಪ್ರಯತ್ನ ಶುರುವಾಗಿತ್ತು. ಕೋಟಿಂಗನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿ ಕೆಲವು ಪೆಟ್ಟಿಗೆಗಳನ್ನು ಸಿದ್ಧಪಡಿಸಿದ್ದರು. ಈ ಸಲ ಅವನ್ನು ಅಲ್ಯೂಮಿನಿಯಂ ಹಲಗೆಗೆ ನಿಜವಾದ ಬ್ರಾಕೆಟ್, ನಿಜವಾದ ಬೋಲ್ಟುಗಳಿಂದ ಬಿಗಿದೇ ಪರೀಕ್ಷೆಗೆ ಕಳುಹಿಸಬೇಕು, ನಿರಂತರ ಮಂಜಿನ ಬದಲು ತೋಯಿಸಿ ಆರಿಸುವ ಸರದಿಯ ಪರೀಕ್ಷೆಯನ್ನು ಕೇಳಬೇಕು ಎಂದು ನಾನು ಒತ್ತಾಯಿಸಿದೆ. ಖರ್ಚು ಹೆಚ್ಚೆಂದು ಸ್ವಲ್ಪ ಗೊಣಗಾಟವಾಯಿತು, ಆದರೂ ಒಪ್ಪಿದರು. ಇಡೀ ಪ್ರಕರಣದಲ್ಲಿ ಹಣಕ್ಕೆ ತಕ್ಕ ಫಲ ಕೊಟ್ಟ ಖರ್ಚೆಂದರೆ ಅದೇ: ದೋಣಿಯ ಮೇಲೆ ತಿಂಗಳುಗಟ್ಟಲೆ ಹಿಡಿದಿದ್ದ ಗುಳ್ಳೆ ಕೋಣೆಯೊಳಗೆ ಬಹುಬೇಗ ಎದ್ದಿತು. ತೊಂದರೆಯನ್ನು ಬೇಕೆಂದಾಗ ಹುಟ್ಟಿಸಲು ಬಂದರೆ ಅದರ ಮೇಲೆ ಕೆಲಸ ಮಾಡಬಹುದು.

ದಪ್ಪ ಬಣ್ಣದ ಪೆಟ್ಟಿಗೆಗಳು ಹಳೆಯವಕ್ಕಿಂತ ಕೆಟ್ಟದಾಗಿ ಸೋತವು. ಬೋಲ್ಟಿನ ತಲೆಯ ಕೆಳಗೆ ಸಿಕ್ಕಿದ ದಪ್ಪ ಕೋಟಿಂಗ್ ಒತ್ತಡಕ್ಕೆ ಹರಡಿಕೊಂಡು ಬಿಗಿ ಸಡಿಲವಾಗಿತ್ತು, ವಾಷರಿನ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವೆರಡರ ನಡುವೆ ಅರ್ಧ ವೋಲ್ಟಿಗೂ ಮೀರಿದ ಅಂತರವಿರುವ ಬ್ಯಾಟರಿಯೇ ಆಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆಯುವ ಲೋಹದ ಮೇಲೆ ಮಾತ್ರ ಬಣ್ಣ ಬಳಿದು, ಸವೆಸುವ ಸ್ಟೇನ್‌ಲೆಸ್ಸನ್ನು ಬರಿಮೈಯಲ್ಲಿ ಬಿಟ್ಟರೆ, ಬಣ್ಣದಲ್ಲಿ ಎಲ್ಲಿ ಚಿಕ್ಕ ಗೀರು ಬಿತ್ತೋ ಅಲ್ಲಿಗೇ ಪೂರ್ತಿ ಪ್ರವಾಹ ನುಗ್ಗುತ್ತದೆ. ಇಡೀ ಮೈಗೆ ಹಂಚಿಹೋಗಬೇಕಾದ ಸವೆತ ಒಂದು ಚುಕ್ಕೆಯ ಮೇಲೆ ಬಿದ್ದು ಆಳವಾದ ಗುಂಡಿ ತೋಡುತ್ತದೆ. ಬ್ರಾಕೆಟ್ಟಿಗೂ ಬಣ್ಣ ಬಳಿಯಬೇಕೆಂದು ನಾನು ಹೇಳಿದಾಗ, ಹೊಳೆಯುವ ಸ್ಟೇನ್‌ಲೆಸ್ಸಿಗೆ ಬಣ್ಣವೇ ಎಂದು ಪೇಂಟಿಂಗ್ ವಿಭಾಗದವರು ನಕ್ಕರು. ಕಾಗದದ ಮೇಲೆ ವಿವರಿಸಿದ್ದು ನಾಟಲಿಲ್ಲ, ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿ ತೋರಿಸಿದ್ದು ನಾಟಿತು.

ಎರಡನೆಯ ಅನುಮಾನ ಸ್ಟೇನ್‌ಲೆಸ್ಸಿನ ದರ್ಜೆಯ ಮೇಲೆ ಹೋಯಿತು. ಡ್ರಾಯಿಂಗಿನಲ್ಲಿ 316 ಎಂದಿತ್ತು. 304ಕ್ಕೂ 316ಕ್ಕೂ ಕಣ್ಣಿಗೆ ಭೇದ ಕಾಣದು. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಅದು ಉಪ್ಪಿಗೆ ಹೆಚ್ಚು ತಡೆಯುತ್ತದೆ. ಮಾಲಿಬ್ಡಿನಂ ಪತ್ತೆಯ ದ್ರಾವಣವನ್ನು ಒಂದೊಂದು ತೊಟ್ಟು ಹಾಕಿ ನೋಡಿದಾಗ ಬ್ರಾಕೆಟ್ ಮತ್ತು ಬೋಲ್ಟುಗಳು ಸರಿಯಿದ್ದವು. ಅಂಗಡಿಯಿಂದ ಸಿದ್ಧವಾಗಿ ತಂದ ಕೀಲುಗಳಲ್ಲಿ ಕೆಲವು ಮಾತ್ರ 304 ಎಂದು ಬಯಲಾಯಿತು. ಕೀಲು ಬದಲಾಯಿತು, ಕಂದು ಕಲೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಉಳಿದ ಕಲೆಯ ಮೂಲ ಸಿಕ್ಕಿದ್ದು ವೆಲ್ಡಿಂಗ್ ಶೆಡ್ಡಿನಲ್ಲಿ. ಒಂದೇ ಬೆಂಚಿನ ಮೇಲೆ ಬೆಳಿಗ್ಗೆ ಬಸ್ಸಿನ ಮೈಲ್ಡ್ ಸ್ಟೀಲ್ ಕೋನಗಳನ್ನು ಉಜ್ಜಿದ ಗ್ರೈಂಡರ್ ಚಕ್ರದಿಂದಲೇ ಮಧ್ಯಾಹ್ನ ಸ್ಟೇನ್‌ಲೆಸ್ ಬ್ರಾಕೆಟ್ಟಿನ ವೆಲ್ಡನ್ನು ಉಜ್ಜುತ್ತಿದ್ದರು. ಚಕ್ರಕ್ಕೆ ಹತ್ತಿದ ಕಬ್ಬಿಣದ ಕಣಗಳು ಸ್ಟೇನ್‌ಲೆಸ್ಸಿನ ಮೈಯೊಳಗೆ ಹೂತುಕೊಂಡು, ಉಪ್ಪು ತಾಗಿದೊಡನೆ ತಾವು ತುಕ್ಕು ಹಿಡಿದು ಕಲೆ ಮಾಡುತ್ತಿದ್ದವು. ಸಕ್ಕರೆ ಕಾರ್ಖಾನೆಯ ತೊಟ್ಟಿಗಳಲ್ಲಿ ಇದು ಎಂದೂ ಯಾರ ಕಣ್ಣಿಗೂ ಬೀಳದೆ ಹೋಗಿತ್ತು. ಬೇರೆ ಬೆಂಚು, ನೀಲಿ ಬಣ್ಣ ಬಳಿದು ಗುರುತಿಸಿದ ಬೇರೆ ಚಕ್ರ ಮತ್ತು ಬ್ರಷ್ಷು, ಕೊನೆಗೆ ಆಮ್ಲದಲ್ಲಿ ತೊಳೆಯುವ ಪ್ಯಾಸಿವೇಶನ್, ಇಷ್ಟಕ್ಕೆ ಕಂದು ಕಲೆಯ ಕಥೆ ಮುಗಿಯಿತು. ಗುಳ್ಳೆ ಮಾತ್ರ ಹೋಗಲಿಲ್ಲ. 304ರ ಬದಲು 316 ಹಾಕಿದರೆ ಸ್ಟೇನ್‌ಲೆಸ್ಸಿನ ಆರೋಗ್ಯ ಸುಧಾರಿಸುತ್ತದೆಯೇ ಹೊರತು ಪಕ್ಕದ ಅಲ್ಯೂಮಿನಿಯಂಗೆ ಅದರಿಂದ ಯಾವ ಲಾಭವೂ ಇಲ್ಲ.

ಇಷ್ಟು ಹೊತ್ತಿಗೆ ಮಾಲೀಕರು ಕುಗ್ಗಿಹೋಗಿದ್ದರು. ಸಣ್ಣ ಊರಿನ ಸಣ್ಣ ಘಟಕಕ್ಕೆ ನೌಕಾಪಡೆಯ ಕೆಲಸ ಸಲ್ಲದು ಎಂಬಲ್ಲಿಗೆ ಮಾತು ಬಂದಿತ್ತು. ಅವರಿಗೆ ನಾನು ಹೇಳಿದ್ದು ಎರಡು ಹಡಗುಗಳ ವಿಷಯ. ಅಮೆರಿಕದ ನೌಕಾಪಡೆಯ ಇಂಡಿಪೆಂಡೆನ್ಸ್ ಎಂಬ ಹೊಚ್ಚಹೊಸ ಅಲ್ಯೂಮಿನಿಯಂ ಯುದ್ಧನೌಕೆಯಲ್ಲಿ, ವಾಟರ್ ಜೆಟ್ಟಿನ ಉಕ್ಕಿನ ಭಾಗಗಳು ಒಡಲನ್ನು ಸೇರುವ ಜಾಗದಲ್ಲಿ, ಇದೇ ಬಗೆಯ ಸವೆತ ತೀವ್ರವಾಗಿ ಆಗಿದೆಯೆಂದು 2011ರಲ್ಲಿ ಬಹಿರಂಗವಾಗಿತ್ತು. ಇನ್ನೊಂದು ಬಹಳ ಹಳೆಯದು. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಎರಡು ವರ್ಷದ ಬಳಿಕ ತೆಗೆದು ನೋಡಿದರೆ ಕಬ್ಬಿಣದ ಮೊಳೆಗಳು ಹಿಟ್ಟಾಗಿದ್ದವು; ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದದ ಚೂರು ಅಕಸ್ಮಾತ್ತಾಗಿ ತಾಮ್ರಕ್ಕೂ ಮೊಳೆಗೂ ನಡುವೆ ಉಳಿದಿದ್ದ ಕಡೆಗಳಲ್ಲಿ ಮೊಳೆಗಳು ಗಟ್ಟಿಯಾಗಿದ್ದವು. ಮಾಲೀಕರು ಆ ಕಾಗದದ ಮಾತನ್ನು ಹಿಡಿದುಕೊಂಡರು.

ತಿರುವು

ಬೋಲ್ಟು ಮತ್ತು ತಗಡಿನ ನಡುವೆ ವಿದ್ಯುತ್ ಹರಿಯದ ಬುಷ್ (ತೂತಿನೊಳಗೆ ಬೋಲ್ಟನ್ನು ಸುತ್ತಿ ಕೂರುವ ಚಿಕ್ಕ ಕೊಳವೆ) ಮತ್ತು ವಾಷರ್ ಹಾಕುವುದೆಂದು ಗೊತ್ತಾಯಿತು. ನೈಲಾನ್ ಅಗ್ಗ, ಆದರೆ ಅದು ನೀರು ಹೀರಿ ಉಬ್ಬುತ್ತದೆ, ಒತ್ತಡಕ್ಕೆ ಮೆಲ್ಲಗೆ ಹರಡಿಕೊಳ್ಳುತ್ತದೆ. ಆದ್ದರಿಂದ ಗ್ಲಾಸ್ ಎಪಾಕ್ಸಿಯ ಬುಷ್ ಆರಿಸಿದೆವು. ಬುಷ್ ಕೂರಬೇಕಾದರೆ ತೂತನ್ನು ದೊಡ್ಡದು ಮಾಡಬೇಕು. ಎರಡನೆಯ ಕಂತಿನ ಪೆಟ್ಟಿಗೆಗಳು ರ‍್ಯಾಕಿನ ಮೇಲೆ ಸಾಲಾಗಿ ಕೂತಿದ್ದವು, ರವಾನೆಯ ದಿನ ದಾಟಿತ್ತು. ಡ್ರಿಲ್ ಹಾಕಿ, ಬುಷ್ ತೂರಿಸಿ, ಸೀಲಂಟ್ ಮೆತ್ತಿ ಕಳುಹಿಸಿಬಿಡೋಣ, ಮೂರು ಮಿ.ಮೀ. ಹೆಚ್ಚಾದರೆ ಯಾರು ಕೇಳುತ್ತಾರೆ ಎಂಬುದು ಶೆಡ್ಡಿನ ಅಭಿಪ್ರಾಯ. ದೋಣಿಯ ಗೋಡೆಯ ಮೇಲಿನ ತೂತುಗಳ ಜಾಗ ಬದಲಾಗದು, ಹೊಸ ಪೆಟ್ಟಿಗೆ ಹಳೆಯ ಜಾಗಕ್ಕೂ ಕೂರುತ್ತದೆ ಎಂಬ ವಾದವೂ ಸರಿಯಾಗಿಯೇ ಇತ್ತು.

ಮಾಲೀಕರು ತಡೆದರು. ಡ್ರಾಯಿಂಗ್ ಬದಲಾವಣೆಗೆ ಬರೆದು ಕೇಳದೆ ಒಂದು ತೂತನ್ನೂ ಕೊರೆಯಕೂಡದು ಎಂದರು. ಅವರು ಹಾಗೆಂದದ್ದು ಶಿಸ್ತಿನ ಮಾತಾಗಿ. ಕೇಳದೆ ಕೊರೆಯುವುದರಲ್ಲಿ ಎಷ್ಟು ಅಪಾಯ ಅಡಗಿತ್ತೆಂಬುದು ಕಂಪನಿಯ ವಿನ್ಯಾಸ ವಿಭಾಗದಿಂದ ಉತ್ತರ ಬಂದಾಗ ತಿಳಿಯಿತು. ಪೆಟ್ಟಿಗೆಯ ಮೈಗೆ ಅರ್ಥಿಂಗ್ ಸಿಗುತ್ತಿದ್ದುದು ಆ ನಾಲ್ಕು ಬೋಲ್ಟುಗಳ ಮೂಲಕವೇ. ಬೋಲ್ಟನ್ನು ತಗಡಿನಿಂದ ಬೇರ್ಪಡಿಸಿದ ಕ್ಷಣ ಪೆಟ್ಟಿಗೆ ದೋಣಿಯ ಮೈಯಿಂದ ವಿದ್ಯುತ್ ದೃಷ್ಟಿಯಿಂದ ಕಡಿದುಹೋಗುತ್ತದೆ. ರೇಡಾರ್ ಮತ್ತು ರೇಡಿಯೊ ಆಂಟೆನಾಗಳು ಕೆಲವೇ ಮೀಟರ್ ದೂರದಲ್ಲಿರುವ ಸಣ್ಣ ದೋಣಿಯಲ್ಲಿ, ತೋಪಿನ ಸಂಕೇತಗಳು ಹಾಯುವ ಪೆಟ್ಟಿಗೆಗೆ ಅರ್ಥಿಂಗ್ ಇಲ್ಲವೆಂದರೆ ಅದು ಗುಳ್ಳೆಗಿಂತ ಎಷ್ಟೋ ಪಾಲು ಕೆಟ್ಟ ದೋಷ. ಹೊರಗಿನಿಂದ ನೋಡಿದವರಿಗೆ ಆ ದೋಷ ಕಾಣುವುದೂ ಇಲ್ಲ.

ಒಂದು ವರ್ಗದ ದೋಣಿಗಳಿಗೆ ಕೆಲಸ ಮಾಡುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇಲ್ಲಿದೆ. ಒಂದೇ ವರ್ಗದ ದೋಣಿಗಳು ವರ್ಷಗಳ ಅಂತರದಲ್ಲಿ ನಿರ್ಮಾಣವಾಗುತ್ತವೆ, ಬೇರೆ ಬೇರೆ ನೆಲೆಗಳಲ್ಲಿ ಇರುತ್ತವೆ, ದಶಕಗಳ ಕಾಲ ಸೇವೆ ಮಾಡುತ್ತವೆ. ಚೆನ್ನೈನಲ್ಲಿ ಬಿಚ್ಚಿದ ಪೆಟ್ಟಿಗೆಯ ಜಾಗಕ್ಕೆ ಪೋರ್ಟ್ ಬ್ಲೇರಿನ (ಈಗಿನ ಶ್ರೀ ವಿಜಯಪುರಂ) ಉಗ್ರಾಣದ ಪೆಟ್ಟಿಗೆಯನ್ನು ಹಾಕುವ ತಂತ್ರಜ್ಞನ ಕೈಯಲ್ಲಿ ಇರುವುದು ಡ್ರಾಯಿಂಗ್ ಮಾತ್ರ. ಅದರಲ್ಲಿ ಬುಷ್ ಇಲ್ಲದಿದ್ದರೆ ಅವನು ಬುಷ್ಷನ್ನು ಕಿತ್ತೆಸೆಯಲೂಬಹುದು, ಅರ್ಥಿಂಗ್ ಬೋಲ್ಟಿನಿಂದ ಬರುತ್ತದೆಂದು ನಂಬಲೂಬಹುದು. ಮೈಸೂರಿನ ಶೆಡ್ಡಿನಲ್ಲಿ ಯಾರೋ ಸದುದ್ದೇಶದಿಂದ ಕೊರೆದ ತೂತಿನ ಸುದ್ದಿ ಅವನಿಗೆ ತಲಪುವ ದಾರಿಯೇ ಇಲ್ಲ.

ಫಲಿತಾಂಶ

ಹೊಸ ಡ್ರಾಯಿಂಗಿನಲ್ಲಿ ಪೆಟ್ಟಿಗೆಯ ಬದಿಗೆ ಒಂದು ಅರ್ಥಿಂಗ್ ಸ್ಟಡ್ ಬಂತು. ಅದರಿಂದ ಗೋಡೆಯ ಸ್ಟಡ್ಡಿಗೆ ತವರ ಲೇಪಿಸಿದ ತಾಮ್ರದ ಹೆಣೆದ ಪಟ್ಟಿ. ತಾಮ್ರ ಮತ್ತು ಅಲ್ಯೂಮಿನಿಯಂ ಕೂಡುವ ಈ ಜಾಗವೇ ಇನ್ನೊಂದು ಬ್ಯಾಟರಿಯಾಗದಂತೆ ಜೋಡಿಲೋಹದ ವಾಷರ್ ಹಾಕಿ, ಬಿಗಿದ ಮೇಲೆ ಸೀಲಂಟಿನಿಂದ ಮುಚ್ಚಬೇಕೆಂದು ಟಿಪ್ಪಣಿ ಸೇರಿತು. ಬ್ರಾಕೆಟ್ಟಿಗೂ ಬಣ್ಣ ಬಂತು. ಇದಕ್ಕೆ ಮೊದಲು ಕಟ್ಟಿದ ದೋಣಿಗಳ ಗೋಡೆಯಲ್ಲಿ ಸ್ಟಡ್ ಇರಲಿಲ್ಲ. ತೋಪಿನ ಹತ್ತಿರದ ಗೋಡೆಗೆ ಹೊಸದಾಗಿ ವೆಲ್ಡ್ ಮಾಡುವುದೆಂದರೆ ಹಿಂಬದಿಯ ಕೇಬಲ್ ಮತ್ತು ಬಣ್ಣವನ್ನೆಲ್ಲ ತೆಗೆಯಬೇಕು. ಆದ್ದರಿಂದ ಅವುಗಳಿಗೆ ಈಗಾಗಲೇ ಇರುವ ಅರ್ಥಿಂಗ್ ಬಿಂದುವಿನವರೆಗೆ ಮುಟ್ಟುವ ಉದ್ದನೆಯ ಪಟ್ಟಿ ಇರುವ ಪ್ರತ್ಯೇಕ ಕಿಟ್ಟನ್ನು ಮಾಡಲಾಯಿತು. ಒಂದೇ ಪೆಟ್ಟಿಗೆ, ಎರಡು ಕಿಟ್, ಎರಡು ಪಾರ್ಟ್ ನಂಬರ್. ವರ್ಗದ ಎಲ್ಲ ದೋಣಿಗಳೂ ಒಂದೇ ತರಹ ಇರಬೇಕೆಂಬ ಆದರ್ಶ ಸ್ವಲ್ಪ ಮುರಿಯಿತು, ಆದರೆ ಮುರಿದದ್ದು ದಾಖಲೆಯಲ್ಲಿದೆ.

ಗೋಡೆಗೆ ಬಿಗಿದ ಸ್ಥಿತಿಯಲ್ಲಿ, ತೋಯುವ ಮತ್ತು ಆರುವ ಸರದಿಯ ಪರೀಕ್ಷೆಯಲ್ಲಿ ಹೊಸ ಪೆಟ್ಟಿಗೆ ಪಾಸಾಯಿತು. ರಕ್ಷಣಾ ಉಪಕರಣಗಳ ಜೆಎಸ್‌ಎಸ್ 55555 ಮಾನದಂಡದ ಕಂಪನ ಪರೀಕ್ಷೆಯ ಬಳಿಕ ಅರ್ಥಿಂಗಿನ ರೋಧವನ್ನು ಮತ್ತೆ ಅಳೆದದ್ದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯ. ಒಪ್ಪಿಗೆ ಕೈಗೆ ಬರುವಷ್ಟರಲ್ಲಿ ಘಟಕ ಆ ವರ್ಷದ ಲಾಭವನ್ನೆಲ್ಲ ಈ ಪೆಟ್ಟಿಗೆಗಳ ಮೇಲೆ ಕಳೆದುಕೊಂಡಿತ್ತು. ದಪ್ಪ ಬಣ್ಣದ ಪೆಟ್ಟಿಗೆಗಳು ಗುಜರಿಗೆ ಹೋದವು. ತಡವಾದುದಕ್ಕೆ ದಂಡ ಕಟ್ಟುವ ಪ್ರಸಂಗ ಬರಲಿಲ್ಲ. ದೋಷ ಇಂಥದೆಂದು ಮೊದಲು ಬರೆದು ತಿಳಿಸಿದವರು ಇವರೇ ಎಂಬುದನ್ನು ಕಂಪನಿಯವರು ಲೆಕ್ಕಕ್ಕೆ ತೆಗೆದುಕೊಂಡರು.

ಘಟಕದ ಕ್ರಮದಲ್ಲಿ ಉಳಿದ ಬದಲಾವಣೆಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವುದು ದರಪಟ್ಟಿಯ ನಮೂನೆ. ಹಿಂದೆ ತಗಡು, ಕೂಲಿ, ಕೋಟಿಂಗ್, ಸಾಗಾಟ ಎಂಬ ನಾಲ್ಕು ಸಾಲುಗಳಿದ್ದವು. ಈಗ ವಸ್ತುವನ್ನು ಏನಕ್ಕೆ, ಯಾವ ಲೋಹಕ್ಕೆ, ಯಾವುದರಿಂದ ಬಿಗಿಯುತ್ತಾರೆಂಬುದನ್ನು ಗಿರಾಕಿಯಿಂದ ಬರೆಸಿಕೊಳ್ಳುವ ಒಂದು ಪುಟವೂ, ಜೋಡಿಸಿದ ಸ್ಥಿತಿಯಲ್ಲೇ ಪರೀಕ್ಷಿಸುವ ಖರ್ಚಿನ ಸಾಲೂ ಸೇರಿವೆ. ಆ ಸಾಲಿನಿಂದಾಗಿ ಒಂದೆರಡು ಟೆಂಡರುಗಳು ಕೈತಪ್ಪಿವೆ. ಕಡಿಮೆ ದರ ಹಾಕಿದವರಿಗೆ ಹೋಗಿವೆ. ಮೊದಲ ಕಂತಿನ ಪೆಟ್ಟಿಗೆಗಳನ್ನು ದೋಣಿಗಳು ರಿಪೇರಿಗೆ ಬಂದಂತೆಲ್ಲ ಒಂದೊಂದಾಗಿ ಬದಲಿಸಲಾಗುತ್ತಿದ್ದು, ಅದರ ಖರ್ಚನ್ನು ಎಷ್ಟೆಷ್ಟು ಪಾಲಿನಲ್ಲಿ ಯಾರು ಭರಿಸಬೇಕೆಂಬ ಪತ್ರವ್ಯವಹಾರ ಘಟಕ ಮತ್ತು ಕಂಪನಿಯ ನಡುವೆ ಇನ್ನೂ ಮುಗಿದಿಲ್ಲ.